ಸ್ಟೆಪ್ನಿ ಹೊತ್ತ ಬಾಗಿಲು

ಅಥವಾ ಬಾಗಿಲು ತೆರೆದಿತ್ತೋ ಏನೋ. ನನ್ನ ನೆನಪಿನಲ್ಲಿ ಅದು ಮುಚ್ಚಿಯೇ ಇದೆ. ನಾನು ಎರಡೂ ಕೈಯಲ್ಲಿ ಚಿಲಕ ಹಿಡಿದು ಎಳೆಯುತ್ತಿದ್ದೇನೆ, ಅಂಗೈಗೆ ತುಕ್ಕು ಮೆತ್ತಿದೆ. ಆದರೆ ಆ ಬೆಳಿಗ್ಗೆಯನ್ನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಆ ತುಕ್ಕು ಅವತ್ತಿನದೋ, ಆಮೇಲೆ ನಾನೇ ಮೆತ್ತಿಕೊಂಡದ್ದೋ ಹೇಳಲಾರೆ.

ಬಾಗಿಲು ಎಂದರೆ ಭಾವನ ಹಳೇ ಜೀಪಿನ ಹಿಂಬಾಗಿಲು. ಭಾವ ನನ್ನ ಅಕ್ಕನ ಗಂಡ. ಹಾನುಬಾಳಿನಿಂದಾಚೆ ನಾಲ್ಕೆಕರೆ ಕಾಫಿ ತೋಟ ಅವರದು. ಜೀಪು ಅವರಪ್ಪನ ಕಾಲದ್ದು. ಗೊಬ್ಬರ, ಮೆಣಸಿನ ಚೀಲ, ಕೊಯ್ಲಿಗೆ ಬರುವ ಹೆಂಗಸರು ಎಲ್ಲ ಅದರಲ್ಲೇ. ಸುತ್ತಿನ ಮನೆಗಳಲ್ಲಿ ಯಾರಿಗೆ ಹುಷಾರು ತಪ್ಪಿದರೂ ಅದೇ ಜೀಪು. ಅದಕ್ಕೊಂದು ಕ್ರಮವಿತ್ತು. ಹಿಂಬಾಗಿಲನ್ನು ಕೆಳಕ್ಕೆ ಮಡಚಿ, ತಳಕ್ಕೆ ಗೋಣಿಚೀಲ ಹಾಕಿ, ಮೇಲೆ ಹಾಸಿಗೆ ಬಿಡಿಸಿ, ಕಾಯಿಲೆಯವರನ್ನು ಮಲಗಿಸುವುದು. ಒಬ್ಬರು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು. ಸಕಲೇಶಪುರದ ಆಸ್ಪತ್ರೆಯಿಂದ ಹೆಣ ಬರುವುದೂ ಹಾಗೆಯೇ.

ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಮೊದಲು ಜೀಪಿನ ಎಡ ಮಗ್ಗುಲಲ್ಲಿತ್ತು. ಅವರ ಮನೆಯ ದಾರಿ ಇಕ್ಕಟ್ಟು, ಎಡಕ್ಕೆ ಗೋಡೆಯಂತೆ ಕಡಿದ ಮಣ್ಣಿನ ಧರೆ. ಎದುರಿಗೆ ಗಾಡಿ ಬಂದರೆ ಜೀಪು ಧರೆಗೆ ಒತ್ತಿಕೊಳ್ಳಬೇಕು, ಸ್ಟೆಪ್ನಿ ಮಣ್ಣು ಕೆರೆಯಬೇಕು. ಒಮ್ಮೆ ಕಲ್ಲಿನ ಮೊನೆಗೆ ಸಿಕ್ಕಿ ಟೈರಿನ ಮಗ್ಗುಲೇ ಹರಿಯಿತು. ನಾನು ಆಲೂರಿನಿಂದ ಭಾನುವಾರ ಹೋದಾಗಲೆಲ್ಲ ಇದೇ ಮಾತು ತೆಗೆಯುತ್ತಿದ್ದೆ. ಜೀಪು ನನ್ನದಲ್ಲದಿದ್ದರೂ ಅದರ ವಿಚಾರದಲ್ಲಿ ನನಗೆ ಖಚಿತ ಅಭಿಪ್ರಾಯಗಳಿದ್ದವು.

"ಬಾನೆಟ್ ಮೇಲೆ ಇಡ್ಸಿ ಭಾವ."

"ನಾನಿರೋದೇ ಇಷ್ಟುದ್ದ ಕಣೋ. ಅದರ ಮೇಲೆ ಚಕ್ರ ಬೇರೆ ಇಟ್ರೆ ರೋಡು ಬುಟ್ಟು ಟೈರ್ ನೋಡ್ಕೊಂಡು ಓಡಿಸ್ಬೇಕಾಯ್ತದೆ."

"ಒಳಗೆ?"

"ಒಳ್ಗಿಟ್ರೆ ಹೆಂಗಸ್ರು ಅದ್ರ ಮೇಲೆ ಕೂತ್ಕೋತಾರೆ. ಸೀರೆಗೆ ಕಪ್ಪು ಹತ್ತುತ್ತೆ. ಆಮೇಲೆ ಬೈಸ್ಕೊಳೋನು ನಾನು."

ಉಳಿದದ್ದು ಹಿಂಬಾಗಿಲು. ಹಾನುಬಾಳಿನ ವೆಲ್ಡಿಂಗ್‌ನವನು "ಬಾಗಿಲು ಹಳೇದು, ಭಾರ ತಡೀತದೋ ಇಲ್ವೋ ನೋಡಿ" ಅಂದ. ತಡೆಯುತ್ತದೆ ಎಂದವನು ನಾನು. ಇದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿದ್ದರೆ ಚೆನ್ನಾಗಿತ್ತು.

ಜೀಪು ಮನೆಗೆ ಬಂದಾಗ ಅಕ್ಕ ಸುತ್ತ ಒಂದು ಸಲ ನಡೆದು ನೋಡಿದಳು.

"ಇದೇನ್ರೀ, ಜೀಪಿಗೆ ಗೂನು ಬಂದಂಗೈತೆ!"

"ನಿನ್ನ ತಮ್ಮನ ಇಂಜಿನಿಯರಿಂಗು. ಅವನನ್ನೇ ಕೇಳು."

"ಲೋ, ನಂಗಿದು ಸುತಾರಾಂ ಹಿಡಿಸ್ಲಿಲ್ಲ ಕಣೋ," ಅಂದು ನಕ್ಕಳು. ನಕ್ಕಳೆಂದೇ ಬರೆಯುತ್ತಿದ್ದೇನೆ. ಈಗ ಅವಳು ಯಾವ ಮಾತು ಆಡಿದ್ದು ನೆನಪಾದರೂ ಕೊನೆಗೊಂದು ನಗು ಸೇರಿಕೊಳ್ಳುತ್ತದೆ.

ಭಾರಕ್ಕೆ ಬಾಗಿಲು ಒಂದು ಕಡೆ ಜಗ್ಗಿತು. ಚಿಲಕ ಆಗಾಗ ಕಚ್ಚಿಕೊಳ್ಳತೊಡಗಿತು. ಅದನ್ನು ತೆಗೆಯುವ ತಾಪತ್ರಯ ಬೇಡವೆಂದು ನಾವೆಲ್ಲ ಟೈರಿನ ಮೇಲೆ ಕಾಲಿಟ್ಟು ಒಳಕ್ಕೆ ಹಾರುವುದನ್ನು ಅಭ್ಯಾಸ ಮಾಡಿಕೊಂಡೆವು.

ಕೊಯ್ಲಿನ ದಿನಗಳು. ನಾನು ರಜೆ ಹಾಕಿ ಹೋಗಿದ್ದೆ. ಬೆಳಿಗ್ಗೆ ಅಕ್ಕ ಕಣದಲ್ಲಿ ಕಾಫಿ ಹರಡುತ್ತಿದ್ದವಳು ಹಾಗೇ ಕೂತಳು. ಎದೆಯ ಮೇಲೆ ಕೈ, ಹಣೆಯಲ್ಲಿ ಬೆವರು. ಭಾವ ಜೀಪು ಕಣದ ಅಂಚಿಗೆ ತಂದರು. ನಾನು ಹಿಂಬಾಗಿಲಿಗೆ ಓಡಿದೆ.

ಇಲ್ಲಿಂದ ಎರಡು ಕಥೆಗಳಿವೆ. ನನ್ನದರಲ್ಲಿ ಚಿಲಕ ಕಚ್ಚಿಕೊಂಡಿದೆ. ಎಳೆಯುತ್ತೇನೆ, ಒದೆಯುತ್ತೇನೆ, ಎರಡು ನಿಮಿಷವೋ ಹತ್ತು ನಿಮಿಷವೋ. ಕೊನೆಗೆ ಬೇರೆ ದಾರಿಯಿಲ್ಲದೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸುತ್ತೇವೆ. ನಾನು ಹಿಂದಿನಿಂದ ಅವಳ ಎರಡೂ ಭುಜ ಹಿಡಿದುಕೊಳ್ಳುತ್ತೇನೆ. ಪ್ರತಿ ಗುಂಡಿಗೂ ಅವಳು ಮುಂದಕ್ಕೆ ವಾಲುತ್ತಾಳೆ. ಸಕಲೇಶಪುರ ಇನ್ನೂ ದೂರವಿರುವಾಗಲೇ ನನ್ನ ಕೈಯಲ್ಲಿದ್ದ ಭುಜಗಳು ಭಾರವಾಗುತ್ತವೆ. ಅದನ್ನು ನಾನು ಭಾವನಿಗೆ ಹೇಳುವುದಿಲ್ಲ. ಅವರು ಹಾರ್ನ್ ಒತ್ತುತ್ತಲೇ ಇರುತ್ತಾರೆ.

ಭುಜಗಳ ಭಾರ ಮಾತ್ರ ನಿಜ. ಅದನ್ನು ಕೈಗಳೇ ನೆನಪಿಟ್ಟುಕೊಂಡಿವೆ.

ಇನ್ನೊಂದು ಕಥೆ ಭಾವನದು. ಅದನ್ನು ಅವರು ಹೇಳಿದ್ದು ಅಕ್ಕನ ವರ್ಷದ ಎಡೆ ಮುಗಿದ ಮಾರನೇ ದಿನ. ಜೀಪಿನ ಚಕ್ರ ಬದಲಾಯಿಸುತ್ತಿದ್ದರು. ಸ್ಟೆಪ್ನಿ ಮತ್ತೆ ಎಡ ಮಗ್ಗುಲಿಗೆ ಹೋಗಿ ಬಹಳ ತಿಂಗಳಾಗಿತ್ತು. ನಾನು ತಡೆಯಲಾರದೆ ಕೇಳಿಬಿಟ್ಟೆ: "ಆ ಬಾಗಿಲು ತೆಗೆಯಕ್ಕೆ ಬಂದಿದ್ರೆ, ಮಲಗಿಸ್ಕೊಂಡು ಹೋಗಿದ್ರೆ, ಅಕ್ಕ ಉಳೀತಿದ್ಲಾ ಭಾವ?"

ಅವರು ಸ್ಪ್ಯಾನರ್ ಕೆಳಗಿಟ್ಟರು.

"ಬಾಗ್ಲು ತೆಗೆದೇ ಇತ್ತಲ್ಲೋ ಮಾರಾಯ. ಗೋಣಿಚೀಲ ಹಾಸಿದ್ದು ನಾನೇ. ಅವಳೇ ಒಲ್ಲೆ ಅಂದ್ಲು. 'ಈಗ್ಲೇ ಹೆಣ ಮಾಡ್ಬುಟ್ರಾ ನನ್ನ, ಮುಂದೆ ಕೂತ್ಕೋತೀನಿ' ಅಂದ್ಲು. ನಿಂಗೆ ಕೇಳಿಸ್ಲಿಲ್ವಾ?"

ಕೇಳಿಸಿರಲಿಲ್ಲ. ಆದರೆ ಮಾತು ಅವಳದೇ. ಅವಳು ಹಾಗೆಯೇ ಅನ್ನುವವಳು.

"ಬಾಗ್ಲು ಮುಚ್ಚಿದ್ರೆ ನೀನು ಹಿಂದ್ಗಡೆ ಹೆಂಗೆ ಹತ್ತಿದೆ ಹೇಳು ನೋಡಾನ?"

"ಟೈರ್ ಮೇಲೆ ಕಾಲಿಟ್ಟು."

"ಅದು ಬೇರೆ ದಿನ ಹತ್ತುತಿದ್ದಿದ್ದು ಕಣೋ. ಅವತ್ತು ಹತ್ತಿದ್ದಲ್ಲ."

ಇರಬಹುದು. ಟೈರಿನ ಮೇಲೆ ಕಾಲು ಜಾರಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನೂರು ಸಲ ಹತ್ತಿದವನಿಗೆ ಅದು ಯಾವ ಸಲದ ಜಾರುವಿಕೆ ಎಂದು ಹೇಗೆ ತಿಳಿಯಬೇಕು?

"ಹಂಗಾದ್ರೆ ಸ್ಟೆಪ್ನಿ ಅಲ್ಲಿಂದ ಯಾಕೆ ತೆಗೆಸಿದ್ರಿ?"

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒಂದೊಂದೇ ಬೆರಳು, ಬಹಳ ಹೊತ್ತು.

"ಅವಳಿಗೆ ಹಿಡಿಸಿರ್ಲಿಲ್ವಲ್ಲ," ಅಂದರು. ಆಮೇಲೆ ಕಾಫಿ ಆಯಿತೇನೋ ನೋಡುತ್ತೇನೆಂದು ಒಳಗೆ ಹೋದರು. ಕಾಫಿ ಕಾಯಿಸುವವರು ಆ ಮನೆಯಲ್ಲಿ ಈಗ ಅವರೊಬ್ಬರೇ.

ನಾನು ಜೀಪಿನ ಹಿಂದಕ್ಕೆ ಹೋಗಿ ಚಿಲಕ ಎಳೆದೆ. ಒಂದೇ ಎಳೆತಕ್ಕೆ ಬಾಗಿಲು ಬಿತ್ತು. ಅದರಲ್ಲಿ ಸ್ಟೆಪ್ನಿ ಕೂರಿಸಿದ್ದ ನಾಲ್ಕು ತೂತುಗಳು ಹಾಗೇ ಇದ್ದವು. ಚಿಲಕ ಮಾತ್ರ ಹೊಸದು.

ಅದನ್ನು ಹಾಕಿಸಿದ್ದು ಆ ಬೆಳಿಗ್ಗೆಗೆ ಮೊದಲೋ ಆಮೇಲೋ ಎಂದು ಕೇಳಲು ಅಡುಗೆಮನೆಯ ಹೊಸ್ತಿಲವರೆಗೆ ಹೋದೆ. ಭಾವ ಬೆನ್ನು ಹಾಕಿ ನಿಂತು ಕಾಫಿ ಸೋಸುತ್ತಿದ್ದರು. "ಸಕ್ಕರೆ ಎಷ್ಟು?" ಅಂದರು. "ಒಂದು ಚಮಚ" ಅಂದೆ.

ಅವರು ನನ್ನನ್ನು ಉಳಿಸಲು ಹೇಳಿದರೋ, ಇದ್ದದ್ದನ್ನೇ ಹೇಳಿದರೋ ತಿಳಿಯದು. ಆ ಬೆಳಿಗ್ಗೆ ಬಾಗಿಲು ತೆರೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.