ಹೂವು ಮುಡಿಯದ ಹೂವಿನ ಅಕ್ಕ

ಹೂವಿನ ಅಕ್ಕನ ಬಲಗಾಲಿನ ಹೆಬ್ಬೆರಳ ಸುತ್ತ ಒಂದು ಗೀರು ಇತ್ತು, ಉಂಗುರ ತೊಟ್ಟು ತೆಗೆದ ಹಾಗೆ. ಗೋಡೆಗೆ ಒರಗಿ, ಕಾಲು ಚಾಚಿ, ಬಾಳೆನಾರಿನ ತುದಿಯನ್ನು ಆ ಬೆರಳಿಗೆ ಸುತ್ತಿ ಬಿಗಿಹಿಡಿದು ವರ್ಷಗಟ್ಟಲೆ ಮಲ್ಲಿಗೆ ಕಟ್ಟಿದ್ದರಿಂದ ಬಿದ್ದ ಗೀರು. ಅವರು ಮಾತಾಡುವಾಗಲೂ ಬೈಯುವಾಗಲೂ ಕೈ ತನ್ನ ಪಾಡಿಗೆ ಕಟ್ಟುತ್ತಲೇ ಇರುತ್ತಿತ್ತು.

ಹೊಸಹಳ್ಳಿಯ ನಮ್ಮ ವಠಾರದಲ್ಲಿ ಮೂಲೆಯ ಕೋಣೆ ಅವರದು. ಒಬ್ಬರೇ ಇದ್ದರು. ಬೆಳಗಿನ ಬಸ್ಸಿಗೆ ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ತರುತ್ತಿದ್ದರು, ಸಂಜೆ ಮನೆಮನೆಯ ಮುಂದೆ ‘ಹೂವಾ’ ಎಂದು ಕೂಗುತ್ತಿದ್ದರು. ಗಿಡ್ಡ ಆಳು, ಕೈಯೂ ಗಿಡ್ಡ. ಮೊಳ ಹಾಕುವಾಗ ಹೆಂಗಸರು ಅದನ್ನೇ ಆಡಿಕೊಳ್ಳುತ್ತಿದ್ದರು.

“ದೇವ್ರು ಕೊಟ್ಟಿರೋ ಕೈ ಇಷ್ಟೇ ಕಣೇ. ಜಗಳ ಆಡೋದಾದ್ರೆ ಅವನ ಹತ್ರ ಆಡು,” ಎನ್ನುತ್ತಲೇ ಅಳತೆಯ ಮೇಲೆ ಒಂದು ಹಿಡಿ ಬಿಟ್ಟು ಕತ್ತರಿಸುತ್ತಿದ್ದರು.

ತಾವು ಮಾತ್ರ ಒಂದು ಮೊಗ್ಗನ್ನೂ ಮುಡಿಯುತ್ತಿರಲಿಲ್ಲ. ಹಣೆಗೆ ಕುಂಕುಮವಿಲ್ಲ, ಕೈಗೆ ಬಳೆಯಿಲ್ಲ, ಕೊರಳಲ್ಲಿ ಏನೂ ಇಲ್ಲ. ಅವರು ಚರ್ಚಿನ ಪ್ರಾರ್ಥನೆಗೆ ಹೋಗುವವರು, ಅವರ ಸಭೆಯಲ್ಲಿ ಹೆಂಗಸರು ಇದ್ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಅವರ ವಿಷಯ ಮುಗಿಯಿತು ಎಂದುಕೊಂಡಿದ್ದೆವು. ವರಮಹಾಲಕ್ಷ್ಮಿ ಹಬ್ಬಕ್ಕೆ, ಸೀಮಂತಕ್ಕೆ, ಮದುವೆಯ ಜಡೆಗೆ ಅವರು ಕಟ್ಟಿದ ಹೂವೇ ಆಗಬೇಕಿತ್ತು.

ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡಾಗ ನನಗೆ ಇನ್ನೂ ಮೂವತ್ತಾಗಿರಲಿಲ್ಲ. ಆಮೇಲೆ ನಾನು ನಲ್ಲಿಗೆ ಎಲ್ಲರೂ ನೀರು ಹಿಡಿದು ಹೋದ ಮೇಲೆ ಹೋಗತೊಡಗಿದೆ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟ ಸದ್ದು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೂವಿನ ಅಕ್ಕನ ಕೂಗು ಪಕ್ಕದ ಮನೆಯವರೆಗೂ ಬಂದು ನಿಲ್ಲುತ್ತಿತ್ತು. ನನ್ನ ಬಾಗಿಲ ಹತ್ತಿರ ಅವರು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, “ಊಟ ಆಯ್ತಾ?” ಎಂದಷ್ಟೇ ಕೇಳುತ್ತಿದ್ದರು. ಆಗಿದ್ದರೂ ಆಗದಿದ್ದರೂ ನಾನು ಆಯ್ತು ಎನ್ನುತ್ತಿದ್ದೆ.

ಒಂದು ಶನಿವಾರ ಅಲ್ಲೇ ಕೂತುಬಿಟ್ಟರು.

“ನಾಳೆ ನಂಜೊತೆ ಬಾ. ನಂಬು ಅಂತ ಹೇಳ್ತಿಲ್ಲ. ಸುಮ್ನೆ ಕೂತಿದ್ದು ಬಾ.”

ವಠಾರದ ಯಜಮಾನಿಗೆ ಈ ಸುದ್ದಿ ಹೇಗೋ ತಿಳಿಯಿತು. ಹಾಲಿನ ಪುಡಿ ಕೊಡ್ತಾರಂತೆ, ನಂಗೂ ಒಂದು ಡಬ್ಬ ಇಸ್ಕೊಂಡು ಬಾ, ಹಾಗೇ ಬರೋವಾಗ ಹೆಸರು ಬದಲಾಯಿಸ್ಕೊಂಡು ಬರಬೇಡ ಎಂದು ಮೆಟ್ಟಿಲ ಮೇಲಿಂದಲೇ ನಕ್ಕರು.

ಮಾಗಡಿ ರಸ್ತೆಯ ಬಸ್ಸು ಹತ್ತಿ ಸುಂಕದಕಟ್ಟೆಯಲ್ಲಿ ಇಳಿದೆವು. ಚರ್ಚೆಂದರೆ ಗೋಪುರ, ಗಂಟೆ ಇರುತ್ತದೆ ಎಂದುಕೊಂಡಿದ್ದೆ. ಅದು ನಿಂತುಹೋದ ಮಗ್ಗದ ಶೆಡ್ಡು. ಮೇಲೆ ಶೀಟು, ಕೆಳಗೆ ಪ್ಲಾಸ್ಟಿಕ್ ಚಾಪೆ, ಒಂದು ಡೋಲಕ್ಕು, ಕಿರುಗುಟ್ಟುವ ಮೈಕು. ಗಾರೆ ಕೆಲಸದವರು, ಗಾರ್ಮೆಂಟ್ಸಿನವರು, ಮನೆಗೆಲಸದವರು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ನಾನು ದೇವಸ್ಥಾನಕ್ಕೆ ಹೋಗುವ ಹಾಗೆ ಬಾಳೆಹಣ್ಣು, ಕಾಯಿ ತಂದಿದ್ದೆ. ಯಾರ ಕೈಗೆ ಕೊಡಬೇಕೋ ತಿಳಿಯದೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅಭ್ಯಾಸದಂತೆ ಬಾಗಿಲ ಪಕ್ಕ ಎಲ್ಲರ ಹಿಂದೆ ಕೂತೆ. ಅಕ್ಕ ಮುಂದೆ ಹೋಗಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ಹಾಡತೊಡಗಿದರು. ಅವರ ಕಂಠ ಡೋಲಕ್ಕಿಗಿಂತ ಸದಾ ಒಂದು ಹೆಜ್ಜೆ ಹಿಂದೆ.

ಹಾಡು ಮುಗಿದಾಗ ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ತಿರುಗಿದಳು. ರಾಯಚೂರಿನ ಕಡೆಯವಳು, ಮಡಿಲಲ್ಲಿ ಕೂಸು.

“ಅಕ್ಕಾರ, ನಿಮ್ಮ ಮನಿಯವ್ರು ಬಂದಿಲ್ಲೇನ್ರಿ? ಗಂಡಸರ ಕಡೆ ಜಾಗ ಐತ್ರಿ.”

ನಾನು ಅವಳ ಮುಖ ನೋಡಿದೆ. ಅವಳ ಹಣೆಯೂ ಬರಿದು. ಅವಳ ಮುಂದಿನವಳದೂ, ಅದರಾಚೆಯವಳದೂ. ಆ ಸಾಲಿನಲ್ಲಿ ಗಂಡ ಇರುವವಳು ಯಾರು, ಇಲ್ಲದವಳು ಯಾರು ಎಂದು ನೋಡಿ ಹೇಳುವಂತಿರಲಿಲ್ಲ. ಹೊರಗೆ ನನ್ನ ಹಣೆಯೇ ಎಲ್ಲರಿಗೂ ಹೇಳಿಬಿಡುತ್ತಿತ್ತು. ನೋಡಿದವರು ಮುಖ ತಿರುಗಿಸಿಕೊಳ್ಳುತ್ತಿದ್ದರು, ಕೇಳುತ್ತಿರಲಿಲ್ಲ. ಹಾಗಾಗಿ ಆ ಮಾತನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

“ಅವ್ರು ತೀರ್ಕೊಂಡ್ರು,” ಎಂದೆ.

ಅದೇ ಮೊದಲು. ಆಮೇಲೆ ಅಳು ತಡೆಯಲಾಗಲಿಲ್ಲ. ಆ ಹೆಂಗಸು ನನ್ನ ಮಡಿಲಿನ ಚೀಲ ತೆಗೆದಿಟ್ಟು ಅಲ್ಲಿ ತನ್ನ ಕೂಸನ್ನು ಮಲಗಿಸಿದಳು. ಗಂಡ ಹೋದ ಮೇಲೆ ನನ್ನ ಮಡಿಲಿಗೆ ಯಾರೂ ಮಗು ಕೊಟ್ಟಿರಲಿಲ್ಲ. ಸುತ್ತಲೂ ಎಲ್ಲರೂ ಕಣ್ಣುಮುಚ್ಚಿ ಜೋರಾಗಿ ಪ್ರಾರ್ಥಿಸುತ್ತಿದ್ದರು, ಕೆಲವರು ಅಳುತ್ತಲೂ ಇದ್ದರು. ನನ್ನದು ಅದರಲ್ಲಿ ಸೇರಿಹೋಯಿತು. ಕೊನೆಗೆ ಬಾಳೆಹಣ್ಣನ್ನು ಅಲ್ಲಿದ್ದ ಮಕ್ಕಳೇ ಹಂಚಿಕೊಂಡರು. ಕಾಯಿ ವಾಪಸ್ಸು ಬಂತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಆಚೆ ನೋಡುತ್ತಾ, “ಯಾರಾದ್ರೂ ಕೇಳಿದ್ರಾ?” ಎಂದರು.

“ಕೇಳಿದ್ರು.”

“ಹೇಳಿದ್ಯಾ?”

“ಹೇಳ್ದೆ.”

“ಸರಿ. ಆ ಕಾಯಲ್ಲಿ ನಾಳೆ ಚಟ್ನಿ ಮಾಡು,” ಎಂದರು.

ಮಾರನೆಯ ದಿನ ಚಟ್ನಿ ತಿನ್ನಲು ಬಂದವರು ಅರ್ಧ ಬುಟ್ಟಿ ಮಲ್ಲಿಗೆಯನ್ನು ನನ್ನ ಮುಂದೆ ಸುರಿದು, ಕೈ ಸುಮ್ಮನೆ ಕೂತಿದೆಯಲ್ಲ, ಕಟ್ಟು ಎಂದರು. ನನಗೆ ಗಾಬರಿಯಾಯಿತು.

“ನನ್ ಕೈಲಿ ಕಟ್ಟಿದ್ದು ಯಾರಕ್ಕಾ ಮುಡೀತಾರೆ?”

ಅವರು ನಾರನ್ನು ಎಳೆದು ಬಿಡಿಸುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು: “ಇಷ್ಟು ವರ್ಷ ಯಾರ ಕೈಲಿ ಕಟ್ಟಿದ್ದು ಮುಡೀತಿದ್ರು? ನಮ್ಮನೆಯವ್ರು ಹೋದಾಗ ನಾನು ನಿನಗಿಂತ ಚಿಕ್ಕೋಳು ಕಣೇ. ಆ ಶೆಡ್ಡಲ್ಲಿ ನನ್ನೂ ಹಂಗೇ ಕೇಳಿದ್ರು.”

ವಠಾರದ ಅಷ್ಟೂ ಮದುವೆಯ ಜಡೆಗಳು ಒಮ್ಮೆಗೇ ನನ್ನ ಕಣ್ಣ ಮುಂದೆ ಬಂದವು. ನನಗೆ ನಗು ಬಂತು. ಅವರೂ ನಕ್ಕರು. ಆಮೇಲೆ ನನ್ನ ಕಾಲನ್ನು ಎಳೆದು, ನಾರಿನ ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಟ್ಟರು.

ನಾನು ಅವರ ಸಭೆಗೆ ಸೇರಲಿಲ್ಲ. ಅವರೂ ಸೇರು ಎನ್ನಲಿಲ್ಲ. ಯಾವಾಗಲಾದರೂ ಮನಸ್ಸು ಭಾರವಾದಾಗ ಹೋಗಿ ಆ ಸಾಲಿನಲ್ಲಿ ಕೂತು ಬರುತ್ತಿದ್ದೆ. ಮನೆಯಲ್ಲಿ ಎಂದಿನಂತೆ ದೀಪ ಹಚ್ಚುತ್ತಿದ್ದೆ. ಆ ದೀಪದ ಮುಂದಿನ ಹೂವನ್ನೂ ಅವರೇ ಕೊಡುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅಕ್ಕ ನಿದ್ದೆಯಲ್ಲೇ ಹೋದರು. ಮಾರ್ಕೆಟ್ಟಿನಿಂದ ಮಲ್ಲಿಗೆ ತಂದು ನಾನೊಬ್ಬಳೇ ಕೂತು ದಪ್ಪ ಹಾರ ಕಟ್ಟಿದೆ. ಬದುಕಿದ್ದಾಗ ಮುಡಿಯದವರಿಗೆ ಹಾಕಬಹುದೇ ಎಂದು ಸಭೆಯಲ್ಲಿ ಪ್ರಾರ್ಥನೆ ನಡೆಸುವ ಅಯ್ಯನವರನ್ನು ಕೇಳಿದೆ. “ಹಾಕಮ್ಮ. ಅವ್ರು ಮುಡ್ಕೊಳ್ತಿಲ್ಲ, ನೀನು ಕೊಡ್ತಿದೀಯ,” ಎಂದರು. ಮಣ್ಣು ಹಾಕುವಾಗ ರಾಯಚೂರಿನ ಹೆಂಗಸು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಕೂಸು ಈಗ ಓಡಾಡುತ್ತದೆ.

ಈಗ ಬುಟ್ಟಿ ನನ್ನ ಸೊಂಟದ ಮೇಲಿದೆ. ನನ್ನ ಕೈ ಅಕ್ಕನ ಕೈಗಿಂತ ಉದ್ದ, ಆದರೂ ಅಳತೆಯ ಮೇಲೆ ಒಂದು ಹಿಡಿ ಬಿಟ್ಟೇ ಕತ್ತರಿಸುತ್ತೇನೆ. ಸಂಜೆ ಮನೆಮನೆಯ ಮುಂದೆ ಕೂಗುತ್ತೇನೆ. ವಠಾರದ ಯಜಮಾನಿಯ ಗಂಡ ಹೋಗಿ ಎರಡು ತಿಂಗಳಾಯಿತು. ಅವರು ಬಾಗಿಲು ಅರ್ಧ ಮುಚ್ಚಿಕೊಂಡು ಒಳಗೇ ಕೂತಿರುತ್ತಾರೆ. ಆ ಮೆಟ್ಟಿಲ ಹತ್ತಿರ ಬಂದಾಗ ನಾನು ಕೂಗು ನಿಲ್ಲಿಸಿ, ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಕೇಳುತ್ತೇನೆ:

“ಅಮ್ಮಾ, ಊಟ ಆಯ್ತಾ?”