ತೂತು ಬಿದ್ದ ಗೂಡು

ಅಟ್ಟದ ಮೇಲಿದ್ದ ಹಳೆಯ ಕೈಚೀಲ ಕೊಡವಿದಾಗ ಒಂದು ರೇಷ್ಮೆಗೂಡು ನೆಲಕ್ಕೆ ಉರುಳಿತು. ತುದಿಯಲ್ಲಿ ತೂತು. ಚೀಲದ ತುಂಬ ಗೂಡು ಬೇಯಿಸುವ ಮನೆಯ ಕಮಟು ವಾಸನೆ ಇನ್ನೂ ಇತ್ತು... ಪಕ್ಕದ ಮನೆಯ ದೊಡ್ಡಮ್ಮನ ವಾಸನೆ ಅದು.

ರಾಮನಗರದ ನಮ್ಮ ಬೀದಿಯಲ್ಲಿ ದೊಡ್ಡಮ್ಮ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ತಂದವರು ಅದನ್ನು ಹಬೆಯಲ್ಲಿಟ್ಟು ಒಳಗಿನ ಹುಳ ಸಾಯಿಸಬೇಕು. ಬದುಕುಳಿದ ಹುಳ ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ನೂಲು ಹಾಳು. ಬೇರೆಯವರು ಮೇಲಿನ ನಾಲ್ಕು ಗೂಡು ನೋಡಿ ಸುಮ್ಮನಾಗುತ್ತಿದ್ದರು. ಇವರು ಮಾತ್ರ ಹಬೆ ಕೊನೆಗೆ ತಲುಪುವ ಕುಕ್ಕೆಯ ನಡುವಿಗೆ ಮೊಣಕೈವರೆಗೆ ಕೈ ಹಾಕಿ, ಅಲ್ಲಿಯದನ್ನು ಕತ್ತರಿಸಿ ಹುಳ ಸತ್ತಿದೆಯೇ ಎಂದು ನೋಡುತ್ತಿದ್ದರು. ಬೀದಿಯವರು ಆಡಿಕೊಂಡರೂ ಕ್ಯಾರೇ ಅನ್ನುತ್ತಿರಲಿಲ್ಲ.

ಅವರ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಶಾಖ ಕೊಟ್ಟು ಅದನ್ನು ಸುಟ್ಟರು. ಜೊತೆಗೆ ಹೋಗುತ್ತಿದ್ದವಳು ನಾನೇ. ಎಲ್ಲ ಚೆನ್ನಾಗಾಯಿತು ಎಂದ ಡಾಕ್ಟರನ್ನು ದೊಡ್ಡಮ್ಮ ಅಷ್ಟಕ್ಕೇ ಬಿಡಲಿಲ್ಲ.

"ಶಾಖ ತಲುಪ್ದೇ ಇರೋ ಜಾಗ ಎಲ್ಲಾದ್ರೂ ಐತಾ ಸ್ವಾಮಿ?"

ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. ಗಡ್ಡೆಯ ಪಕ್ಕದಲ್ಲೇ ದೊಡ್ಡ ರಕ್ತನಾಳವಿದೆ, ಹರಿಯುವ ರಕ್ತ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಆ ಅಂಚಿನಲ್ಲಿ ಸ್ವಲ್ಪ ಉಳಿದಿರಬಹುದು ಎಂದರು. ಅರೆಬರೆ ಶಾಖ ತಗುಲಿದ್ದು ಕೆಲವೊಮ್ಮೆ ಮೊದಲಿಗಿಂತ ಜೋರಾಗಿ ಬೆಳೆಯುವುದೂ ಉಂಟಂತೆ. ತಿಂಗಳು ತುಂಬಿದ ಕೂಡಲೇ ಸ್ಕ್ಯಾನ್ ಮಾಡಿಸಿ, ತಪ್ಪಿಸಬೇಡಿ ಎಂದರು.

ತಪ್ಪಿಸಿದ್ದು ನಾನು.

ದೊಡ್ಡಮ್ಮನ ಮುಖಕ್ಕೆ ಕಳೆ ಬಂದಿತ್ತು. ನಮ್ಮ ಮನೆಯಲ್ಲಿ ತಂಗಿಯ ಸೀಮಂತವಿತ್ತು. "ಚೆನ್ನಾಗೇ ಇದ್ದೀರಲ್ಲ ದೊಡ್ಡಮ್ಮ, ಸೀಮಂತ ಮುಗಿಸ್ಕಂಡು ಹೋಗನ," ಎಂದೆ.

"ಮ್ಯಾಲಿನ ಗೂಡು ನೋಡಿ ಹೇಳ್ತಿದ್ದೀಯ ಕಣವ್ವ," ಎಂದು ಗೊಣಗಿದರು. ಆದರೂ ನನಗಾಗಿ ಒಪ್ಪಿದರು. ಸೀಮಂತ ಮುಗಿಯಿತು, ಇನ್ನೇನೋ ಬಂತು, ಮೂರು ತಿಂಗಳು ಕಳೆಯಿತು...

ಸ್ಕ್ಯಾನ್‌ನಲ್ಲಿ ನೋಡಿದರೆ ಆ ಅಂಚಿನದೇ ಬೆಳೆದು, ಹೊಸ ಗಡ್ಡೆಗಳೂ ಎದ್ದಿದ್ದವು. ಇನ್ನು ಸುಡುವ ಹಾಗಿಲ್ಲ ಎಂದರು ಡಾಕ್ಟರ್. ನೋಡಲು ಬಂದ ನೆಂಟರೆಲ್ಲ ಹಣೆಬರಹ ಎಂದು ಲೊಚಗುಟ್ಟಿದರು. ದೊಡ್ಡಮ್ಮ ಮಲಗಿದಲ್ಲಿಂದಲೇ ಗದರಿದರು. "ಬರಹವೂ ಅಲ್ಲ, ಏನೂ ಅಲ್ಲ. ನೋಡೋ ಹೊತ್ನಲ್ಲಿ ನೋಡ್ಲಿಲ್ಲ, ಅಷ್ಟೇಯ!"

ನನಗೆ ಅಳು ಬಂತು. ಅವರು ಈ ತೂತಿನ ಗೂಡನ್ನು ನನ್ನ ಕೈಗಿಟ್ಟರು. "ಅಳ್ಬ್ಯಾಡ. ಇನ್ನೊಬ್ರಿಗೆ ತೋರ್ಸು."

ಅವರು ಹೋಗಿ ವರ್ಷಗಳಾದರೂ ನಾನು ಯಾರಿಗೂ ತೋರಿಸಲಿಲ್ಲ. ನಾಚಿಕೆಯಿಂದ ಅವರ ಕೈಚೀಲದಲ್ಲೇ ಇಟ್ಟು ಅಟ್ಟಕ್ಕೆ ಹಾಕಿದ್ದೆ. ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಬದುಕುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಆದರೆ ಹಣೆಬರಹದ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನಾನು ತಯಾರಿಲ್ಲ.

ಎದುರು ಮನೆಯವಳ ಗಂಡನಿಗೂ ಹೋದ ತಿಂಗಳು ಇದೇ ಶಾಖದ ಚಿಕಿತ್ಸೆಯಾಗಿದೆ. "ಚೆನ್ನಾಗೇ ಅವ್ರೆ ಕಣಕ್ಕ, ಸ್ಕ್ಯಾನ್ ಆಮ್ಯಾಕೆ ಮಾಡುಸ್ತೀವಿ," ಎಂದಿದ್ದಳು. ಇಂದು ಸಂಜೆ ಹೋಗಿ ಗೂಡನ್ನು ಅವಳ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ.

ಪಕ್ಕದ ಮನೆಯಲ್ಲಿ ಈಗ ಹಬೆಯಿಲ್ಲ, ಗದರುವ ದನಿಯಿಲ್ಲ. ಸೋಮವಾರ ಬೆಳಗಿನ ರೈಲಿಗೆ ನಾವು ಮೂವರೂ ಬೆಂಗಳೂರಿಗೆ ಹೊರಟಿದ್ದೇವೆ. ಅಂದು ನಮ್ಮ ಮನೆಯಲ್ಲಿ ಅಣ್ಣನ ಮೊಮ್ಮಗುವಿನ ನಾಮಕರಣವಿದೆ. ನನ್ನನ್ನು ಬಿಟ್ಟು ಆಗಲಿ.