ಸೀಲ್ ಒಡೆಯದ ಡಬ್ಬಿಯ ಮೊದಲ ಹಾಳೆ

"ಸಾರ್, ಇಲ್ಲಿ ನೋಡಿ, ಹಿಂದೆ ಯಾರೋ ನಿಂತ ಹಾಗಿದೆ" ಎಂದು ಗ್ರಾಹಕರು ಆಗಾಗ ಫೋನನ್ನು ನನ್ನ ಮುಂದೆ ಹಿಡಿಯುತ್ತಾರೆ. ಇಷ್ಟು ವರ್ಷವೂ ನಾನು ಅವರಿಗೆ ಕೊಟ್ಟ ಉತ್ತರ ಒಂದೇ. ಅದು ಗಾಜಿನ ಪ್ರತಿಫಲನ, ಇಲ್ಲವೇ ಲೆನ್ಸಿಗೆ ಮೆತ್ತಿದ ಬೆರಳಿನ ಎಣ್ಣೆ, ಇಲ್ಲವೇ ಯಾರೋ ಕದಲಿದ್ದು. ಬೆಳಕು ಬೀಳದೆ ಚಿತ್ರ ಮೂಡುವುದಿಲ್ಲ. ಇದನ್ನು ಈಗಲೂ ನಂಬುತ್ತೇನೆ. ಆದರೆ ನನ್ನ ಬೀರುವಿನಲ್ಲಿರುವ ಒಂದು ಹಾಳೆ ಈ ನಂಬಿಕೆಗೆ ಒಪ್ಪುತ್ತಿಲ್ಲ. ಅದು ನನ್ನ ಕೈಗೆ ಬಂದ ಬಗೆಯನ್ನು, ಏನನ್ನೂ ಸೇರಿಸದೆ, ನಡೆದಷ್ಟೇ ಬರೆಯುತ್ತೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಾನೇ ಆದರೂ ನಂಬುತ್ತಿರಲಿಲ್ಲ.

ನಾನು ಜೆ.ಪಿ. ನಗರದಲ್ಲಿ ಜಾಹೀರಾತು ಫೋಟೋಗ್ರಾಫರ್. ಒಡವೆ, ರೇಷ್ಮೆ ಸೀರೆ, ಮೆನು ಕಾರ್ಡಿನ ಮೇಲಿನ ದೋಸೆ, ಇವು ನನ್ನ ಹೊಟ್ಟೆಪಾಡು. ಹಳೆಯ ಕಪ್ಪುಬಿಳುಪು ಪ್ರಿಂಟುಗಳನ್ನು ಕೂಡಿಡುವುದು ನನ್ನ ಹುಚ್ಚು. ಅದೂ ಡಾರ್ಕ್‌ರೂಮಿನಲ್ಲಿ ಕೈಯಿಂದ ಮಾಡಿದವು ಮಾತ್ರ. ವಿಲ್ಸನ್ ಗಾರ್ಡನ್ನಿನ ಗುಜರಿ ಅಂಗಡಿಗಳಿಂದ, ಮುಚ್ಚಿಹೋದ ಸ್ಟುಡಿಯೋಗಳ ಅಟ್ಟಗಳಿಂದ ತಂದವು ಸಾವಿರಕ್ಕೂ ಹೆಚ್ಚಿವೆ.

ಡಾರ್ಕ್‌ರೂಮ್ ನೋಡದವರಿಗೆ ಒಂದು ಮಾತು. ಬೆಳಕು ಬಿದ್ದಷ್ಟೂ ಫೋಟೋ ಕಾಗದ ಕಪ್ಪಾಗುತ್ತದೆ. ನೆಗೆಟಿವ್ ಮೂಲಕ ಹಾದ ಬೆಳಕು ಕಾಗದದ ಮೇಲೆ ಬೀಳುವಾಗ, ಮುಖ ತೀರ ಕಪ್ಪಾಗದಿರಲೆಂದು ಪ್ರಿಂಟ್ ಮಾಡುವವರು ಆ ಭಾಗದ ಬೆಳಕನ್ನು ಕೆಲವು ಕ್ಷಣ ತಡೆಯುತ್ತಾರೆ. ಕೆಲವರು ಬರಿಗೈಯಲ್ಲಿ, ಕೆಲವರು ತಂತಿಗೆ ಕಟ್ಟಿದ ಸಣ್ಣ ರಟ್ಟಿನಲ್ಲಿ. ತಡೆಯುವ ರೀತಿ ಒಬ್ಬೊಬ್ಬರದು ಒಂದೊಂದು ಥರ, ಕೈಬರಹದ ಹಾಗೆ. ಆ ಕೈಬರಹವನ್ನು ಓದಬಲ್ಲೆ ಎಂಬುದು ನನ್ನ ಹೆಮ್ಮೆಯಾಗಿತ್ತು.

ಕೂಡಿಟ್ಟ ಪ್ರಿಂಟುಗಳಲ್ಲಿ ನಾನು ಎಲ್ಲಕ್ಕಿಂತ ಮೆಚ್ಚಿದ್ದು ಜಯನಗರದ ಒಂದು ಸ್ಟುಡಿಯೋದ ಪ್ರಿಂಟುಗಳನ್ನು. ಅದರ ಮಾಲೀಕರು ಅನಂತಯ್ಯ, ನಾನು ಹುಡುಕಿಕೊಂಡು ಹೋಗುವ ಹೊತ್ತಿಗೆ ತೀರಿಕೊಂಡಿದ್ದರು. ಅಂದಿನ ಬಹಳ ಸ್ಟುಡಿಯೋಗಳು ಮದುಮಗಳ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಕೊಡುತ್ತಿದ್ದವು. ಇಲ್ಲಿ ಹಾಗಲ್ಲ. ಕಪ್ಪು ಹುಡುಗಿ ಕಪ್ಪಾಗಿಯೇ ಇರುತ್ತಿದ್ದಳು, ಕೆನ್ನೆಯ ಹೊಳಪು ಮಾತ್ರ ಒಂದಿಷ್ಟೂ ಕಳೆದಿರುತ್ತಿರಲಿಲ್ಲ. ಬೆಳಕು ತಡೆದ ಜಾಗದ ಅಂಚಿನಲ್ಲಿ ಕೂದಲೆಳೆಯಂಥ ನಸುಗೆರೆಗಳು ಕಾಣುತ್ತಿದ್ದವು. ಅದು ಅನಂತಯ್ಯನವರ ರಟ್ಟಿನ ತಂತಿಯ ಗುರುತು ಎಂದು ನಾನೇ ಮೊದಲು ಹೇಳಿದ್ದು. ಹನ್ನೆರಡು ವರ್ಷ ಹೇಳಿದೆ. ನನ್ನಂತೆ ಪ್ರಿಂಟು ಕೂಡಿಡುವವರೆಲ್ಲ ಒಪ್ಪಿ, "ತಂತಿ ಗೆರೆ ಇದ್ರೆ ಅನಂತಯ್ಯಂದೇ ಬಿಡಿ" ಎನ್ನತೊಡಗಿದ್ದರು.

ಮೂರು ವರ್ಷದ ಹಿಂದೆ ಆ ಸ್ಟುಡಿಯೋದ ಅರವತ್ತೊಂದು ಪ್ರಿಂಟುಗಳ ಪ್ರದರ್ಶನ ಮಾಡಲು ಜಯನಗರದಲ್ಲೇ ಒಂದು ಸಣ್ಣ ಸಭಾಂಗಣ ಹಿಡಿದೆ. ಅನಂತಯ್ಯನವರ ಮಗಳು ಗಾಯತ್ರಿ ಪುಟ್ಟೇನಹಳ್ಳಿಯಲ್ಲಿದ್ದಾರೆ, ತಾಯಿ ವಿಶಾಲಾಕ್ಷಮ್ಮನವರೂ ಅವರ ಜೊತೆ. ಮನೆಯಲ್ಲಿ ಉಳಿದಿದ್ದ ಪ್ರಿಂಟುಗಳನ್ನು ಗಾಯತ್ರಿ ಪ್ರೀತಿಯಿಂದ ಕೊಟ್ಟರು. ಅವುಗಳ ಜೊತೆ ಬಳಸದ ಫೋಟೋ ಕಾಗದದ ಒಂದು ಡಬ್ಬಿಯೂ ಬಂತು. ಉದ್ಘಾಟನೆ ಭಾನುವಾರ. ಪ್ರತಿ ಚಿತ್ರದ ಕೆಳಗೆ ಅಂಟಿಸಲು "ಮುದ್ರಣ: ಅನಂತಯ್ಯ" ಎಂಬ ಚೀಟಿಗಳು ತಯಾರಾಗಿದ್ದವು. ನಾನು ಹೇಳುತ್ತಿರುವುದು ಅದರ ಹಿಂದಿನ ಗುರುವಾರ, ಮಧ್ಯಾಹ್ನ ಸುಮಾರು ಮೂರು ಗಂಟೆಯ ಮಾತು.

ನನ್ನ ಡಾರ್ಕ್‌ರೂಮ್ ಎಂದರೆ ಕಿಟಕಿಗೆ ರಟ್ಟು ಬಡಿದ ಬಚ್ಚಲುಮನೆ. ಕಾಗದಕ್ಕೆ ತಾಗದ ಕೆಂಪು ಬಲ್ಬು ಹಾಕಿ ಆ ಡಬ್ಬಿಯನ್ನು ತೆಗೆದುಕೊಂಡೆ. ಕಾರ್ಖಾನೆಯ ಸೀಲ್ ಪಟ್ಟಿ ಹರಿದಿರಲಿಲ್ಲ. ನಾನೇ ಬ್ಲೇಡಿನಿಂದ ಕತ್ತರಿಸಿದೆ. ಒಳಗಿನ ಕಪ್ಪು ಲಕೋಟೆಯ ಟೇಪೂ ಹಾಗೇ ಇತ್ತು, ಅದನ್ನೂ ನಾನೇ ಬಿಡಿಸಿದೆ. ಒಳಗೆ ಇಪ್ಪತ್ತೈದು ಹಾಳೆ. ಹಳೆಯ ಕಾಗದ ಕೆಟ್ಟಿದೆಯೇ ಎಂದು ನೋಡಲು ಒಂದು ರೂಢಿಯಿದೆ. ಬೆಳಕು ತೋರಿಸದೆಯೇ ಒಂದು ಹಾಳೆಯನ್ನು ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಮುಳುಗಿಸುವುದು. ಬೆಳ್ಳಗೇ ಉಳಿದರೆ ಚೆನ್ನಾಗಿದೆ, ಬೂದಿ ಬಣ್ಣಕ್ಕೆ ತಿರುಗಿದರೆ ಕೆಟ್ಟಿದೆ. ಪ್ರಿಂಟಿಗೆ ಬೆಳಕು ಕೊಡುವ ಎನ್ಲಾರ್ಜರಿನ ಪ್ಲಗ್ ಕಿತ್ತಿಟ್ಟಿದ್ದೆ. ಇದನ್ನು ಆಮೇಲೆ ಎರಡು ಸಲ ನೋಡಿದೆ.

ಮುಳುಗಿಸಿದ ಅರ್ಧ ನಿಮಿಷಕ್ಕೆ ಮೊದಲ ಹಾಳೆ ಬೂದಿಯಾಯಿತು. ಕೆಟ್ಟಿದೆ ಎಂದುಕೊಂಡೆ. ಆದರೆ ನಡುವೆ ಒಂದು ಭಾಗ ಬೂದಿಯಾಗಲಿಲ್ಲ. ಗಾಳಿಗುಳ್ಳೆ ಇರಬಹುದೆಂದು ಟ್ರೇ ಅಲುಗಿಸಿದೆ. ಆಗ ಬೆರಳುಗಳು ಕಂಡವು. ಬಿಡಿಸಿ ಇಟ್ಟ ಬಲಗೈ. ಕಿರುಬೆರಳು ಮೇಲಿನ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಮಣಿಕಟ್ಟಿನ ಎರಡೂ ಬದಿಗೆ ಬಳೆಗಳ ಅಂಚು ಚಾಚಿಕೊಂಡಿತ್ತು. ಎಣಿಸಿದೆ, ಆರು. ಕೈ ಅಚ್ಚ ಬಿಳುಪು, ಬಳೆಗಳು ಮಾತ್ರ ತಿಳಿ ಬೂದಿ. ಲೋಹದ ಬಳೆಗಳಾಗಿದ್ದರೆ ಅವೂ ಬೆಳ್ಳಗೇ ಇರಬೇಕಿತ್ತು. ಗಾಜಾದರೆ ಸ್ವಲ್ಪ ಬೆಳಕನ್ನು ಬಿಡುತ್ತದೆ.

ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಹಾಳೆಯನ್ನು, ಮೂಡಿದ ಚಿತ್ರ ಅಳಿಯದಂತೆ ಮಾಡುವ ಹೈಪೋ ದ್ರಾವಣಕ್ಕೆ ಹಾಕಿ, ಗಡಿಯಾರ ನೋಡಿ, ಪೂರ್ತಿ ಹೊತ್ತು ಬಿಟ್ಟು ತೊಳೆದೆ. ಇನ್ನೂ ಮೂರು ಹಾಳೆ ಹಾಕಿ ನೋಡಿದೆ. ಬರೀ ಬೂದಿ.

ಹೊರಗೆ ಬಂದು ಬಿಸಿಲಿನಲ್ಲಿ ಆ ಹಾಳೆಯನ್ನು ಅರವತ್ತೊಂದು ಪ್ರಿಂಟುಗಳ ಪಕ್ಕದಲ್ಲಿಟ್ಟೆ. ತಂತಿಯಾದರೆ ಗೆರೆ ಒಂದೇ ಇರಬೇಕು, ನೆಟ್ಟಗಿರಬೇಕು. ಪ್ರಿಂಟುಗಳಲ್ಲಿದ್ದ ಗೆರೆಗಳು ಒತ್ತೊತ್ತಾಗಿದ್ದವು, ಹಾಳೆಯ ಬಳೆಗಳಂತೆಯೇ ಬಾಗಿದ್ದವು. ಹನ್ನೆರಡು ವರ್ಷ ನಾನು ಬಳೆಯನ್ನು ತಂತಿ ಎಂದಿದ್ದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹಾಳೆಯ ಕೈಗಿಂತ ನನ್ನನ್ನು ಹೆಚ್ಚು ನಡುಗಿಸಿದ್ದು ಇದು. ಇನ್ನು ಮೂರು ದಿನಕ್ಕೆ ಗೋಡೆಯ ಮೇಲೆ ತಪ್ಪು ಹೆಸರು ಹತ್ತುವುದರಲ್ಲಿತ್ತು.

ಮಾರನೆಯ ಬೆಳಿಗ್ಗೆ ಪುಟ್ಟೇನಹಳ್ಳಿಗೆ ಹೋದೆ. ವಿಶಾಲಾಕ್ಷಮ್ಮನವರು ಭೂತಗನ್ನಡಿ ಹಿಡಿದು ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದರು. ಹಾಳೆಯನ್ನು ಚೀಲದಲ್ಲೇ ಇಟ್ಟುಕೊಂಡು ಕೇಳಿದೆ: "ಅಮ್ಮ, ಸ್ಟುಡಿಯೋದಲ್ಲಿ ಪ್ರಿಂಟ್ ಮಾಡ್ತಿದ್ದೋರು ಯಾರು?"

"ಅಪ್ಪಾನೇ ಅಲ್ವಾ ಸಾರ್?" ಎಂದರು ಗಾಯತ್ರಿ.

"ನಿಮ್ಮಪ್ಪಂಗೆ ಹೈಪೋ ವಾಸ್ನೆ ಬಡಿದ್ರೆ ಉಬ್ಬಸ ಬರ್ತಿತ್ತು ಕಣೆ. ಎರಡು ನಿಮಿಷ ಒಳಗೆ ನಿಲ್ಲೋಕಾಗ್ತಿರಲಿಲ್ಲ," ಎಂದರು ತಾಯಿ, ಪದಬಂಧದಿಂದ ತಲೆಯೆತ್ತದೆ. "ಫೋಟೋ ತೆಗೆಯೋದು ಅವರು. ಪ್ರಿಂಟು ನಾನು. ನೀನು ಸ್ಕೂಲಿಂದ ಬರೋ ಅಷ್ಟ್ರಲ್ಲಿ ಮುಗಿಸಿ, ಕೈ ತೊಳ್ಕೊಂಡು ಕೂತಿರ್ತಿದ್ದೆ."

"ಅಯ್ಯೋ, ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಈ ಸಾರ್ ಬಂದಾಗಲೆಲ್ಲ 'ಏನು ಕೈ, ಏನು ಕೈ' ಅಂತ ಭಾಷಣ ಮಾಡೋರು. ನನ್ನನ್ನೇ ಹೊಗಳ್ತಿದಾರಲ್ಲ ಅಂತ ಇನ್ನೊಂದು ಲೋಟ ಕಾಫಿ ಕೊಡ್ತಿದ್ದೆ." ನನ್ನ ಕಡೆ ತಿರುಗಿ ನಕ್ಕರು. "ತಂತಿಯಂತೆ, ತಂತಿ!"

ಆಗ ಹಾಳೆ ತೆಗೆದು ಮುಂದಿಟ್ಟೆ. ಅವರ ನಗು ನಿಂತಿತು. ಬೆರಳಿಟ್ಟು ಬಳೆಗಳನ್ನು ಎಣಿಸಿದರು. ಈಗ ಅವರ ಕೈಯಲ್ಲಿ ಗಾಜಿನ ಬಳೆ ಇಲ್ಲ, ತೆಳ್ಳನೆಯ ಒಂದು ಚಿನ್ನದ ಬಳೆ ಮಾತ್ರ. ಬಲಗೈಯನ್ನು ಮೆಲ್ಲಗೆ ಆ ಕೈಯ ಮೇಲಿಟ್ಟರು. ವಯಸ್ಸಿಗೆ ಅಂಗೈ ಸ್ವಲ್ಪ ಕುಗ್ಗಿತ್ತು. ಕಿರುಬೆರಳಿನ ಬಾಗು ಸರಿಯಾಗಿ ಕೂತಿತು. ಡಾರ್ಕ್‌ರೂಮಿನ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು ಅದು ಎಂದರು.

ಆ ಡಬ್ಬಿಯನ್ನು ಯಾವಾಗಲಾದರೂ ತೆರೆದಿದ್ದಿರಾ ಎಂದು ಕೇಳಿದೆ.

"ಇಲ್ಲಪ್ಪ. ಅದು ಬಂದ ವಾರವೇ ಕಲರ್ ಪ್ರಿಂಟ್ ಹಾಕೋ ಮೆಷಿನ್ ಬಂತು. ಆಮೇಲೆ ನಾನು ಒಳಗೆ ಹೋಗ್ಲೇ ಇಲ್ಲ. ಆ ಕಾಗದ ಹಾಗೇ ಉಳೀತು."

ಶನಿವಾರ ಚೀಟಿಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಿದೆ. ಭಾನುವಾರ ಅರವತ್ತೊಂದು ಚಿತ್ರಗಳ ಕೆಳಗೂ "ಛಾಯಾಚಿತ್ರ: ಅನಂತಯ್ಯ. ಮುದ್ರಣ: ವಿಶಾಲಾಕ್ಷಮ್ಮ" ಎಂದಿತ್ತು. ತಂತಿಯ ವಿಷಯದಲ್ಲಿ ನಾನು ತಪ್ಪಿದ್ದೆ ಎಂದು ಎಲ್ಲರೆದುರು ಹೇಳಿದೆ. ವಿಶಾಲಾಕ್ಷಮ್ಮನವರು ನೇರಳೆ ರೇಷ್ಮೆ ಸೀರೆಯುಟ್ಟು ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡಿದ್ದರು. ಬಂದವರಿಗೆಲ್ಲ ಬಲಗೈ ಎತ್ತಿ, ಬೆಳಕನ್ನು ಹೇಗೆ ತಡೆಯುತ್ತಿದ್ದೆ ಎಂದು ಗಾಳಿಯಲ್ಲಿ ತೋರಿಸಿದರು. ಮದುಮಗಳೊಬ್ಬಳ ಚಿತ್ರದ ಮುಂದೆ ನಿಂತ ಹೆಂಗಸೊಬ್ಬರು, "ನಮ್ಮಮ್ಮನ ಬಣ್ಣ ಸರಿಯಾಗಿ ಬಂದಿರೋದು ಇದೊಂದರಲ್ಲೇ ಅಜ್ಜಿ" ಎಂದಾಗ ವಿಶಾಲಾಕ್ಷಮ್ಮನವರ ಮುಖ ನೋಡಬೇಕಿತ್ತು. ತಪ್ಪಿದ್ದಕ್ಕೆ ನಾನು ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಆ ಹಾಳೆಯನ್ನು ಗೋಡೆಗೆ ಹಾಕಲಿಲ್ಲ. ರಸಾಯನಶಾಸ್ತ್ರ ಬಲ್ಲ ಗೆಳೆಯರೊಬ್ಬರು ಅದನ್ನು ನೋಡಿ, ಕಾರ್ಖಾನೆಯಲ್ಲೇ ಯಾರೋ ಕೈ ಇಟ್ಟಾಗ ಬೆಳಕು ತಗುಲಿರಬೇಕು ಎಂದರು. ಇರಬಹುದು ಎಂದೆ. ಆ ಯಾರದೋ ಕಿರುಬೆರಳೂ ಹೀಗೇ ಬಾಗಿತ್ತೇ ಎಂದು ಕೇಳಲು ಹೋಗಲಿಲ್ಲ. ಡಬ್ಬಿಯಲ್ಲಿ ಇನ್ನೂ ಇಪ್ಪತ್ತೊಂದು ಹಾಳೆ ಇವೆ. ಅವನ್ನು ನಾನು ಮುಟ್ಟಿಲ್ಲ.

ಉದ್ಘಾಟನೆಯ ಭಾನುವಾರ ಸಂಜೆ ಜನ ಕರಗಿದ ಮೇಲೆ ವಿಶಾಲಾಕ್ಷಮ್ಮನವರು ಆ ಹಾಳೆಯನ್ನು ಮತ್ತೊಮ್ಮೆ ಕೇಳಿ ಪಡೆದರು. ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ, ನಾನು ಪ್ರಿಂಟು ನೋಡುವ ಹಾಗೆಯೇ, ನಿಧಾನವಾಗಿ ನೋಡಿದರು.

"ಕೈ ನಂದೇ," ಎಂದರು. "ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಪ್ರಿಂಟು ನಂದಲ್ಲ. ಕೈ ಸುತ್ತಲಿನ ಕಪ್ಪು ನೋಡಿ, ಎಷ್ಟು ಮಂಕು. ಇಂಥದನ್ನ ನಾನು ಡಾರ್ಕ್‌ರೂಮಿಂದ ಆಚೆ ಬಿಡ್ತಿರಲಿಲ್ಲ."

ನನ್ನಲ್ಲಿರುವ ಪ್ರತಿ ಪ್ರಿಂಟಿನ ಹಿಂದೆಯೂ, ಅದನ್ನು ಮುದ್ರಿಸಿದವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡುವುದು ನನ್ನ ಪದ್ಧತಿ. ಆ ಒಂದು ಹಾಳೆಯ ಹಿಂಬದಿ ಇನ್ನೂ ಖಾಲಿ ಇದೆ.